ಬದನೆ ಬುಡದಲ್ಲಿ ಮರಳು ಸೀಳ್ಕೊಂಡು ಎದ್ದಿರೋ ಎಲೆ ಇಲ್ಲದ ಹೂವು: ಏನಿದು, ಏನು ಮಾಡೋದು?

ವೇದಾವತಿ ದಂಡೆ:
ಎಲ್ರಿಗೂ ನಮಸ್ಕಾರ. ನಮ್ದು ಹಿರಿಯೂರು ತಾಲ್ಲೂಕು, ಹೊಳೆ ಪಕ್ಕದ ಜಮೀನು. ಮೇಲ್ಗಡೆ ಕೆಂಪು ಮಣ್ಣು, ಹೊಳೆ ಕಡೆ ಇಳಿದಂಗೆಲ್ಲ ಮರಳು ಜಾಸ್ತಿ. ಆ ಮರಳು ಭಾಗಕ್ಕೇ ಡ್ರಿಪ್ ಎಳೆದು ಬದನೆ ಹಾಕಿದೀವಿ. ಸಂಕ್ರಾಂತಿ ಹತ್ರ ಬಂದಂಗೆ ಒಂದಷ್ಟು ಸಾಲು ಸೊರಗೋಕೆ ಶುರುವಾದ್ವು. ನೀರು ಸಾಲ್ತಿಲ್ಲ ಅಂತ ಮೋಟ್ರು ಜಾಸ್ತಿ ಹೊತ್ತು ಓಡಿಸಿದ್ವಿ, ಏನೂ ಫರಕ್ ಬರ್ಲಿಲ್ಲ.

ಈಗ ನೋಡಿದ್ರೆ ಗಿಡದ ಬುಡದಲ್ಲಿ ಮರಳು ಸೀಳ್ಕೊಂಡು ಬೆರಳು ದಪ್ಪದ ದಂಟುಗಳು ಎದ್ದಿವೆ. ಹಳದಿ-ಕಂದು ಬಣ್ಣ, ಗೇಣುದ್ದ. ಎಲೆ ಅನ್ನೋದೇ ಇಲ್ಲ. ತುದಿ ತುಂಬ ನೀಲಿ-ನೇರಳೆ ಹೂವು, ಎಲ್ಲಾ ಮುಂದಕ್ಕೆ ಬಗ್ಗಿಕೊಂಡಿವೆ. ಅಗೆದು ನೋಡಿದ್ರೆ ಬುಡ ಗಡ್ಡೆ ಕಟ್ಟಿ ಬದನೆ ಬೇರಿಗೆ ಅಂಟ್ಕೊಂಡೈತೆ. ಅಪ್ಪ ಅಣಬೆ ಜಾತಿ ಅಂತಾರೆ. ಅಮ್ಮ ‘ಹೂವು ಚೆನ್ನಾಗೈತೆ, ಇರ್ಲಿ ಬಿಡು’ ಅಂತಾರೆ. ಫೋಟೊ ಹಾಕಿದೀನಿ. ಗೊಬ್ಬರದ ಅಂಗಡಿಯವರು ಗ್ಲೈಫೋಸೇಟ್ ಅನ್ನೋ ಕಳೆನಾಶಕ ಕೊಡ್ತೀನಿ ಹೊಡೀರಿ ಅಂದ್ರು. ಹೊಡೀಬಹುದಾ?

ಜಗಳೂರು ಜವಾರಿ:
ಇದು ಸ್ಟ್ರೈಗಾ ಕಣ್ರಿ. ನಮ್ಮ ಕಡೆ ಜೋಳದ ಹೊಲದಾಗೆ ಬೇಕಾದಷ್ಟು ಐತೆ. ಬೇರಿಗೆ ಬಾಯಿ ಹಾಕಿ ಕುಡಿಯೋ ಕಸ. ಒಂದು ಸಲ ಬಂತು ಅಂದ್ರೆ ಆ ಹೊಲ ಹೋದಂಗೇ.

ಗಿಡ ಟೀಚರ್:
ಸ್ಟ್ರೈಗಾ ಅಲ್ಲ. ಫೋಟೊ ದೊಡ್ಡದು ಮಾಡಿ ನೋಡಿ, ಹಸಿರು ಬಣ್ಣ ಎಲ್ಲಾದ್ರೂ ಇದೆಯಾ? ಸ್ಟ್ರೈಗಾಕ್ಕೆ ಹಸಿರು ಎಲೆ ಇರುತ್ತೆ. ಅರ್ಧ ಅಡುಗೆ ತಾನೇ ಮಾಡ್ಕೊಳ್ಳುತ್ತೆ, ನೀರು-ಲವಣ ಮಾತ್ರ ಹೆಚ್ಚಾಗಿ ಕದಿಯುತ್ತೆ. ಅದು ಬರೋದು ಜೋಳ, ಸಜ್ಜೆ, ಮೆಕ್ಕೆಜೋಳ, ಕಬ್ಬು ಇಂಥ ಹುಲ್ಲಿನ ಜಾತಿಗೆ. ಬದನೆ ಮೇಲೆ ಬರಲ್ಲ.

ಇದು ಒರೊಬ್ಯಾಂಕಿ ಸೆರ್ನುವಾ. ಇದರಲ್ಲಿ ಪತ್ರಹರಿತ್ತೇ ಇಲ್ಲ. ನೀರು, ಸಕ್ಕರೆ, ಸಾರಜನಕ ಎಲ್ಲಾ ಬದನೆ ಬೇರಿಂದಲೇ. ಬದನೆ, ಟೊಮ್ಯಾಟೊ, ತಂಬಾಕು ಒಂದೇ ಕುಟುಂಬದವು ನೋಡಿ, ಮೂರಕ್ಕೂ ಇದು ಶತ್ರು. ಹಗುರ ಮಣ್ಣು, ಮರಳು ಮಣ್ಣು ಅಂದ್ರೆ ಇದಕ್ಕೆ ಬಲು ಇಷ್ಟ. ಅಣಬೆ ಖಂಡಿತ ಅಲ್ಲ, ಹೂವು ಬಿಟ್ಟು ಬೀಜ ಕಟ್ಟೋ ಪಕ್ಕಾ ಗಿಡ. ಸ್ಟ್ರೈಗಾನೂ ಇದೂ ಈಗ ಒಂದೇ ಕುಟುಂಬ, ಹಾಗಾಗಿ ಜಗಳೂರಿನವರು ಅದರ ದಾಯಾದಿಯನ್ನೇ ಹಿಡಿದಿದ್ದಾರೆ.

ಜಗಳೂರು ಜವಾರಿ:
ದಾಯಾದಿನೋ ಬೀಗರೋ, ಹೊಲ ಹಾಳು ಮಾಡೋದು ಒಂದೇ ಅಲ್ವಾ ಮೇಡಂ.

ನಿಪ್ಪಾಣಿ ನೇಗಿಲು:
ನಮ್ಮ ನಿಪ್ಪಾಣಿ ಕಡೆ ಬೀಡಿ ತಂಬಾಕಿನ ಹೊಲದಾಗ ಇದ ಬರ್ತದ. ಬಂಬಾಕು ಅಂತೀವಿ. ತಂಬಾಕಿನ ಜೋಡಿ ಬಂಬಾಕು! ಸಸಿ ಹಚ್ಚಿ ತಿಂಗಳ ಒಂದೂವರಿ ತಿಂಗಳಿಗೆ ಮ್ಯಾಲ ಕಾಣಸ್ತದ. ಅಷ್ಟರಾಗ ಅದರ ಕೆಲಸ ಮುಗದಿರತದ, ಎಲಿ ತೂಕ ಬರಂಗಿಲ್ಲ. ನಮ್ಮ ಅಜ್ಜಾರು ಹೂವ ಬಿಡೂ ಮೊದಲ ಆಳ ಹಚ್ಚಿ ಕೀಳಸ್ತಿದ್ದರು. ಕಿತ್ತದ್ದನ್ನ ಬದುವಿನ ಮ್ಯಾಲ ಒಗದ್ರ ಬೈತಿದ್ದರು.

ವೇದಾವತಿ ದಂಡೆ:
ಬದು ಮೇಲೆ ಹಾಕಿದ್ರೆ ಏನಾಗುತ್ತೆ ಅಣ್ಣ? ನಾನು ಇವತ್ತು ಬೆಳಗ್ಗೆ ಕಿತ್ತಿದ್ದೆಲ್ಲಾ ಅಲ್ಲೇ ಗುಡ್ಡೆ ಹಾಕಿದೀನಿ.

ನಿಪ್ಪಾಣಿ ನೇಗಿಲು:
ತಮ್ಮಾ, ಈಗ ಹೋಗಿ ಚೀಲಕ್ಕ ತುಂಬು. ದಂಟು ರಸಭರಿತ ಇರತದಲ್ಲ, ಕಿತ್ತ ಮ್ಯಾಲೂ ಅದರಾಗಿನ ಕಾಯಿ ಬಲಿತಾವ. ಒಣಗಿ ಬಾಯಿ ಬಿಟ್ಟಾವ ಅಂದ್ರ ಗಾಳಿಗೆ ಎಲ್ಲಾ ಹೊಲಕ್ಕ. ತಗೊಂಡು ಹೋಗಿ ಸುಡು. ಹಸಿ ಇದ್ದಾಗ ಉರಿಯಂಗಿಲ್ಲ, ಒಣ ಕಟಗಿ ಹಚ್ಚಬೇಕು.

ಬೆಣ್ಣೆ ದೋಸೆ ದಾವಣಗೆರೆ:
ಅಮ್ಮ ಹೇಳಿದ್ದೇ ಸರಿ, ಹೂವು ಚೆನ್ನಾಗೈತೆ. ಬದನೆ ಮಾರ್ಕೆಟ್ ರೇಟು ನೋಡಿದ್ರೆ ಹೂವೇ ಮಾರೋದು ವಾಸಿ.

ಬಬ್ಬೂರು ದಾರಿ:
ತಮಾಷೆ ಆಮೇಲೆ. ಗ್ಲೈಫೋಸೇಟ್ ಮಾತ್ರ ಹೊಡೀಬೇಡಿ. ಅದು ಬದನೆ-ಒರೊಬ್ಯಾಂಕಿ ಅಂತ ಭೇದ ಮಾಡಲ್ಲ, ಮೊದಲು ಸಾಯೋದು ಬದನೆ. ಹೊರದೇಶದಲ್ಲಿ ಕೆಲವು ಬೆಳೆಗೆ ತೀರಾ ಅಳತೆ ಮಾಡಿ ಕಡಿಮೆ ಪ್ರಮಾಣದಲ್ಲಿ ಬಳಸ್ತಾರೆ, ಅದು ನಮ್ಮ ಪಂಪು-ಲೋಟದ ಲೆಕ್ಕದಲ್ಲಿ ಆಗೋ ಕೆಲಸ ಅಲ್ಲ. ಅಲ್ಲದೆ 2022ರಲ್ಲೇ ಕೇಂದ್ರ ಸರ್ಕಾರ ಇದನ್ನ ಲೈಸೆನ್ಸ್ ಇರೋ ಕೀಟ ನಿಯಂತ್ರಣದವರು ಮಾತ್ರ ಬಳಸ್ಬೇಕು ಅಂತ ಆದೇಶ ಮಾಡಿತ್ತು. ಅಂಗಡಿಯವರು ಅದನ್ನ ಹೇಳಲ್ಲ ಬಿಡಿ.

ಜೋಳದ ಸ್ಟ್ರೈಗಾಕ್ಕೆ ಹೊಡೆಯೋ 2,4-ಡಿ ಅನ್ನೋ ಕಳೆನಾಶಕನೂ ಬೇಡ. ಅದರ ಗಾಳಿ ಸೋಕಿದ್ರೂ ಬದನೆ, ಟೊಮ್ಯಾಟೊ, ಹತ್ತಿ ಎಲೆ ಮುರುಟಿಕೊಳ್ಳುತ್ತೆ.

ಈಗ ಇರೋ ಬೆಳೇಲಿ ಕೈಯಿಂದ ಕೀಳೋದು ಒಂದೇ ದಾರಿ. ಮೇಲಿನ ದಂಟು ಮುರಿದ್ರೆ ಕೆಳಗಿಂದ ಮತ್ತೆ ಬರುತ್ತೆ, ಅದಕ್ಕೆ ವಾರಕ್ಕೊಂದು ಸಲ ಸಾಲು ಸುತ್ತಬೇಕು. ತಂಬಾಕಿನವರು ಎಳೇ ಮೊಳಕೆ ಮೇಲೆ ಎರಡು ಹನಿ ಸೀಮೆಎಣ್ಣೆ ಬಿಡ್ತಾರೆ, ಕರಗಿ ಹೋಗುತ್ತೆ. ಬೇವಿನ ಎಣ್ಣೆನೂ ನಡೆಯುತ್ತೆ. ಬದನೆ ಕಾಂಡಕ್ಕೆ ತಾಗಬಾರದು ಅಷ್ಟೆ. ಒಂದು ಗಿಡ ಬೇರು ಸಮೇತ ಅಗೆದು, ಕವರಲ್ಲಿ ಕಟ್ಕೊಂಡು ಬಬ್ಬೂರು ಫಾರಂ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ. ನಿಮಗೆ ಪಕ್ಕದಲ್ಲೇ ಇದೆ.

ವೇದಾವತಿ ದಂಡೆ:
ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತಣ್ಣ, ರೇಷನ್‌ನಲ್ಲಿ ಕೊಡ್ತಿದ್ದ ಕಾಲ ಹೋಯ್ತು. ಬೇವಿನೆಣ್ಣೆ ಮನೇಲಿ ಐತೆ, ಅದನ್ನೇ ನೋಡ್ತೀನಿ. ಚೀಲಕ್ಕೆ ತುಂಬಿಸಿ ಆಯ್ತು.

ಆದ್ರೆ ಒಂದು ಅರ್ಥ ಆಗ್ತಿಲ್ಲ. ಅಪ್ಪ ಹುಟ್ಟಿದಾಗಿಂದ ಈ ಹೊಲದಲ್ಲಿ ಇದನ್ನ ನೋಡಿಲ್ವಂತೆ. ಈಗ ಎಲ್ಲಿಂದ ಬಂತು?

ಜಗಳೂರು ಜವಾರಿ:
ಕುರಿ ಮಂದೆ ನಿಲ್ಲಿಸಿದ್ರಾ?

ವೇದಾವತಿ ದಂಡೆ:
ಹೌದು, ಹೋದ ಬೇಸಿಗೇಲಿ. ಗೊಬ್ಬರಕ್ಕೆ ಅಂತ. ದುಡ್ಡೂ ಕೊಟ್ವಿ, ಜೋಳನೂ ಕೊಟ್ವಿ.

ಜಗಳೂರು ಜವಾರಿ:
ಆಯ್ತಲ್ಲ ಮತ್ತೆ. ಎಲ್ಲೆಲ್ಲೋ ಮೇಯ್ದು ಬಂದ ಕುರಿ, ಹೊಟ್ಟೇಲಿ ಬೀಜ, ನಿಮ್ಮ ಹೊಲದಾಗೆ ಹಿಕ್ಕೆ.

ಕಂಬಳಿ ಗಡ್ಡಪ್ಪ:
ಎಲ್ಲದಕ್ಕೂ ಕುರಿ ಮ್ಯಾಲೆ ಹಾಕ್ರಪ್ಪ. ಮಳೆ ಬರಲಿಲ್ಲ ಅಂದ್ರೂ ಕುರಿ, ಕಾಡು ಹಾಳಾತು ಅಂದ್ರೂ ಕುರಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ನಮ್ಮ ಮಂದೆ ತಲೆತಲಾಂತರದಿಂದ ಹೊಲಕ್ಕೆ ನಿಲ್ತಾವೆ. ಅವತ್ತಿಂದ ಬರದ ಗಿಡ ಈಗ ಬಂತಾ? ಬಾಡಿಗೆ ಟ್ರ್ಯಾಕ್ಟರ್ ಕೇಳ್ರಿ, ರೋಟವೇಟರ್ ಕೇಳ್ರಿ. ಒಂದು ಹೊಲದ ಮಣ್ಣು ತೊಳೀದೆ ಇನ್ನೊಂದು ಹೊಲಕ್ಕೆ ಹೋಗ್ತಾನೆ. ಅವನಿಗೆ ಯಾರೂ ಕೇಳಲ್ಲ, ಯಾಕಂದ್ರೆ ಅವನು ಗಂಟೆಗೆ ರೇಟು ಹೇಳ್ತಾನೆ.

ಗಿಡ ಟೀಚರ್:
ಇಬ್ಬರೂ ಹೇಳಿದ್ದು ಆಗೋದೇ. ಒರೊಬ್ಯಾಂಕಿ ಬೀಜ ಕುರಿ-ದನದ ಹೊಟ್ಟೇಲಿ ಹಾದು ಬಂದರೂ ಜೀವ ಉಳಿಸ್ಕೊಳ್ಳುತ್ತೆ. ಕಳಿಯದ ಕೊಟ್ಟಿಗೆ ಗೊಬ್ಬರದಲ್ಲೂ ಹಾಗೆ. ಟ್ರ್ಯಾಕ್ಟರ್ ಚಕ್ರದ ಮಣ್ಣು, ಚಪ್ಪಲಿ, ಸಸಿ ಜೊತೆ ಬಂದ ಮಣ್ಣು, ಹರಿಯೋ ನೀರು ಎಲ್ಲದರಲ್ಲೂ ಸಾಗುತ್ತೆ. ಬೀಜ ಕಾಲು ಮಿಲಿಮೀಟರ್ ಆಸುಪಾಸು, ಕಣ್ಣಿಗೆ ಕಪ್ಪು ಧೂಳು. ಒಂದು ಗಿಡ ಲಕ್ಷದ ಲೆಕ್ಕದಲ್ಲಿ ಬೀಜ ಬಿಡಬಲ್ಲದು. ಬಿದ್ದ ಬೀಜ ಮಣ್ಣಲ್ಲಿ 10 ವರ್ಷಕ್ಕೂ ಮೇಲೆ ಸುಮ್ಮನೆ ಕಾಯುತ್ತೆ. ಹಾಗಾಗಿ ‘ಈಗ ಬಂತು’ ಅನ್ನೋದೇ ಅನುಮಾನ. ಬಂದು ಬಹಳ ವರ್ಷ ಆಗಿದ್ದು, ನೀವು ಈಗ ಬದನೆ ಹಾಕಿದ್ದಕ್ಕೆ ಎದ್ದಿರಬಹುದು. ಮುಂಚೆ ಅಲ್ಲಿ ಏನು ಬೆಳೀತಿದ್ರಿ?

ವೇದಾವತಿ ದಂಡೆ:
ಶೇಂಗಾ, ಆಮೇಲೆ ಈರುಳ್ಳಿ. ಹೊಳೆ ಪಕ್ಕದ ಆ ತುಂಡು ಬೀಳೇ ಬಿದ್ದಿತ್ತು. ಬದನೆ ಹೋದ ವರ್ಷದಿಂದ, ಇದು ಎರಡನೇ ಬೆಳೆ.

ಮಾರಿ ಕಣಿವೆ:
2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933 ಆದ್ಮೇಲೆ ಅದೇ ಮೊದಲು. ಆಗ ನದಿ ಪಾತ್ರದಲ್ಲಿ ಎಲ್ಲೆಲ್ಲಿಂದಲೋ ಮಣ್ಣು ಬಂದು ಕೂತಿದೆ. ಅದರಲ್ಲಿ ಬಂದಿರಬಹುದಲ್ವಾ? ನಮ್ಮ ತೋಟದಲ್ಲೂ ಆಗ ಬಂದ ಕಸ ಇನ್ನೂ ಕೀಳ್ತಾನೇ ಇದೀವಿ. ಅವತ್ತು ಕೋಡಿ ನೋಡೋಕೆ ಬಂದ ಜನ, ಅಬ್ಬಾ, ಜಾತ್ರೆ ಮೀರಿಸಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, ಹಿಂದೆ ಕೋಡಿ ಬಿದ್ದಿದ್ದು ನೋಡಿದೋರು ಊರಲ್ಲಿ ಒಬ್ಬರೂ ಉಳಿದಿರಲಿಲ್ಲ.

ಕಂಬಳಿ ಗಡ್ಡಪ್ಪ:
ನೋಡ್ರಿ, ಹೊಳೆನೂ ಬಂತು. ಕುರಿ ಒಂದೇ ಅಲ್ಲ ಅಂತ ಆಯ್ತಲ್ಲ.

ಲ್ಯಾಬ್ ಹುಡುಗಿ:
ಚಿತ್ರದುರ್ಗದವಳು, ಈಗ ಬೇರೆ ಊರಲ್ಲಿ ಸಸ್ಯ ವಿಜ್ಞಾನದ ಸಂಶೋಧನೆ. ಕೆಲಸಕ್ಕೆ ಹತ್ತಿರದ ವಿಷಯ ಬಂತು, ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೆ ದಾಟಿ ಹೋಗಿ.

ಈ ಬೀಜ ಯಾಕೆ ವರ್ಷಗಟ್ಟಲೆ ಸುಮ್ಮನಿದ್ದು ಬದನೆ ಬಂದ ತಕ್ಷಣ ಏಳುತ್ತೆ? ಬೀಜದೊಳಗೆ ಊಟದ ದಾಸ್ತಾನು ಬಹಳ ಕಮ್ಮಿ. ಮೊಳೆತ ಮೇಲೆ ಅದರ ಎಳೆ ಬೇರು ಕೆಲವೇ ಮಿಲಿಮೀಟರ್ ದೂರ ಹೋಗಬಲ್ಲದು. ಅಷ್ಟರೊಳಗೆ ಇನ್ನೊಂದು ಗಿಡದ ಬೇರು ಸಿಗದಿದ್ದರೆ ಸಾವು. ಅದಕ್ಕೆ ಸುಮ್ಮನೆ ತೇವ ಸಿಕ್ಕಿದ್ರೆ ಮೊಳೆಯಲ್ಲ. ಮೊದಲು ಒಂದೆರಡು ವಾರ ತೇವ ಮತ್ತು ಹದವಾದ ಶಾಖದಲ್ಲಿ ನೆನೀಬೇಕು. ಆಮೇಲೆ ಪಕ್ಕದಲ್ಲಿ ಜೀವಂತ ಬೇರು ಇದೆ ಅನ್ನೋ ಸುಳಿವು ಬರಬೇಕು. ಸುಳಿವು ಅಂದ್ರೆ ಬೇರು ಒಸರೋ ಸ್ಟ್ರೈಗೊಲ್ಯಾಕ್ಟೋನ್ ಅನ್ನೋ ರಾಸಾಯನಿಕ. ಲೀಟರ್ ನೀರಲ್ಲಿ ಹುಡುಕಿದ್ರೂ ಸಿಗದಷ್ಟು ಅಲ್ಪ ಪ್ರಮಾಣ, ಬೀಜಕ್ಕೆ ಮಾತ್ರ ಗೊತ್ತಾಗುತ್ತೆ.

ಗಿಡ ತನ್ನ ಶತ್ರುವಿಗೆ ಯಾಕೆ ಸುಳಿವು ಕೊಡುತ್ತೆ ಅನ್ನೋದು ಬಹಳ ವರ್ಷ ಒಗಟಾಗಿತ್ತು. 1966ರಲ್ಲಿ ಸ್ಟ್ರೈಗಾಲ್ ಅನ್ನೋ ಮೊದಲ ರಾಸಾಯನಿಕ ಸಿಕ್ಕಿತು. 2005ರಲ್ಲಿ ಜಪಾನಿನವರು ಒಗಟು ಬಿಡಿಸಿದರು: ಆ ಸಂದೇಶ ಪರಾವಲಂಬಿಗಲ್ಲ, ಬೇರಿನ ಜೊತೆ ಬಾಳೋ ಮೈಕೊರೈಜಾ ಶಿಲೀಂಧ್ರಕ್ಕೆ. ಮಣ್ಣಲ್ಲಿ ರಂಜಕ ಸಾಲದಿದ್ದಾಗ ಗಿಡ ಈ ಶಿಲೀಂಧ್ರವನ್ನ ಸಹಾಯಕ್ಕೆ ಕರೆಯುತ್ತೆ, ಅದು ರಂಜಕ ತಂದುಕೊಡುತ್ತೆ. ನೆಂಟರನ್ನ ಊಟಕ್ಕೆ ಕೂಗಿದ್ದು ಬೀದೀಲಿ ಹೋಗೋ ಕಳ್ಳನಿಗೂ ಕೇಳಿಸಿದಂಗೆ. 2008ರಲ್ಲಿ ಇನ್ನೊಂದು ಗೊತ್ತಾಯ್ತು, ಇದೇ ರಾಸಾಯನಿಕ ಗಿಡದೊಳಗೆ ಕವಲು ಒಡೆಯೋದನ್ನ ತಡೆಯೋ ಹಾರ್ಮೋನೂ ಹೌದು. ಹಾಗಾಗಿ ಅದನ್ನ ಪೂರ್ತಿ ನಿಲ್ಲಿಸಿಬಿಟ್ಟರೆ ಗಿಡದ ರೂಪವೇ ಕೆಡುತ್ತೆ.

ಈಗ ನಿಮ್ಮ ಮರಳು ಹೊಲಕ್ಕೆ ಬನ್ನಿ. ಸಾವಯವ ಅಂಶ ಕಮ್ಮಿ, ಗೊಬ್ಬರ ನಿಲ್ಲಲ್ಲ, ತೊಳೆದು ಹೋಗುತ್ತೆ. ಹಸಿದ ಗಿಡ ಜಾಸ್ತಿ ಕೂಗುತ್ತೆ. ಬಡ ಮಣ್ಣಿಗೂ ಈ ಜಾತಿಗೂ ಇರೋ ನಂಟಿನಲ್ಲಿ ಇದು ಒಂದು ಎಳೆ.

ಬೆಣ್ಣೆ ದೋಸೆ ದಾವಣಗೆರೆ:
ಕಳ್ಳನಿಗೆ ಕೇಳಿಸಿದ್ದು ಸರಿ ತಂಗಿ, ಆದ್ರೆ ಕಳ್ಳ ಊಟ ಮಾಡಿ ಹೂವು ಮುಡ್ಕೊಂಡು ನಿಂತವ್ನಲ್ಲ!

ಹಳೇ ಗಿರಣಿ:
1966ರಲ್ಲಿ ಯಾವ ಗಿಡದ ಬೇರಿಂದ ತೆಗೆದದ್ದು ಅಂತ ಬರೀಲಿಲ್ವಲ್ಲಮ್ಮ. ಹತ್ತಿ ಅಲ್ವಾ? ಎಲ್ಲೋ ಓದಿದ ನೆನಪು.

ಲ್ಯಾಬ್ ಹುಡುಗಿ:
ಹೌದು ಅಂಕಲ್, ಹತ್ತಿ ಬೇರು. ಅದರಲ್ಲೇ ಮಜಾ ಇರೋದು. ಸ್ಟ್ರೈಗಾ ಹತ್ತಿ ಮೇಲೆ ಬದುಕಲ್ಲ. ಹತ್ತಿ ಬೇರಿನ ಒಸರಿಗೆ ಮೋಸ ಹೋಗಿ ಮೊಳೆಯುತ್ತೆ, ಅಂಟಿಕೊಳ್ಳಲಾಗದೆ ಸಾಯುತ್ತೆ.

ಹಳೇ ಗಿರಣಿ:
ಅಂದ್ರೆ ನಮ್ಮ ಹಿರಿಯರ ಪದ್ಧತಿಗೆ ಕಾರಣ ಸಿಕ್ಕಿತು. ದಾವಣಗೆರೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡ ಊರು. ಸುತ್ತಮುತ್ತ ಹತ್ತಿ, ಜೋಳ ಬದಲಾಯಿಸಿ ಬದಲಾಯಿಸಿ ಬೆಳೀತಿದ್ರು. ಹತ್ತಿ ಆದ ಹೊಲದಲ್ಲಿ ಜೋಳ ಚೆನ್ನಾಗಿ ಬರುತ್ತೆ ಅಂತ ನಮ್ಮಪ್ಪ ಹೇಳೋರು. ಈಗ ಗಿರಣಿಗಳೂ ಇಲ್ಲ, ಹತ್ತಿನೂ ಇಲ್ಲ. ಎತ್ತ ನೋಡಿದ್ರೂ ಮೆಕ್ಕೆಜೋಳ, ವರ್ಷ ವರ್ಷ ಅದೇ ಹೊಲಕ್ಕೆ ಅದೇ. ಹೀಗೆ ಹೋದ್ರೆ ಮೆಕ್ಕೆಜೋಳಕ್ಕೂ ಸ್ಟ್ರೈಗಾ ಹತ್ತಲ್ವಾ?

ಜಗಳೂರು ಜವಾರಿ:
ಹತ್ತಲ್ಲ. ಮೆಕ್ಕೆಜೋಳಕ್ಕೆ ಸುರಿಯೋ ಯೂರಿಯಾಕ್ಕೆ ಯಾವ ಕಸನೂ ಉಳಿಯಲ್ಲ.

ಬಬ್ಬೂರು ದಾರಿ:
ಯೂರಿಯಾ ಕಸ ಕೊಲ್ಲುತ್ತೆ ಅನ್ನೋದು ತಪ್ಪು, ಸಾರಜನಕ ಚೆನ್ನಾಗಿದ್ದ ಕಡೆ ಸ್ಟ್ರೈಗಾ ಕಮ್ಮಿ ಅನ್ನೋದು ನಿಜ. ಆದ್ರೆ ಮೆಕ್ಕೆಜೋಳಕ್ಕೆ ಅದು ಬರಲ್ಲ ಅಂತ ಧೈರ್ಯ ಬೇಡ. ಆಫ್ರಿಕಾದಲ್ಲಿ ಮೆಕ್ಕೆಜೋಳದ ರೈತರನ್ನ ಕಣ್ಣೀರು ಹಾಕಿಸಿರೋದೇ ಈ ಜಾತಿ. ಅಮೆರಿಕದ ಕೆರೊಲಿನಾ ಕಡೆ ಮರಳು ಸೀಮೆಯಲ್ಲಿ 1956ರಲ್ಲಿ ಮೆಕ್ಕೆಜೋಳದಲ್ಲೇ ಸಿಕ್ಕಿತು. ಅದನ್ನ ಇದು ಸ್ಟ್ರೈಗಾ ಅಂತ ಗುರುತಿಸಿದ್ದು ಅಲ್ಲಿಗೆ ಓದೋಕೆ ಹೋಗಿದ್ದ ಭಾರತದ ವಿದ್ಯಾರ್ಥಿ ಅಂತ ಹೇಳ್ತಾರೆ. ನಮ್ಮ ಹೊಲದ ಕಸ ನೋಡಿ ಬೆಳೆದ ಕಣ್ಣು! ಅಮೆರಿಕದವರು ಮಣ್ಣಿಗೆ ಎಥಿಲೀನ್ ಅನಿಲ ತೂರಿಸಿ, ಆಸರೆ ಗಿಡ ಇಲ್ಲದಾಗ ಬೀಜ ಮೊಳೆಯೋ ಹಾಗೆ ಮಾಡಿ ಸಾಯಿಸಿದರು. ಅದಕ್ಕೆ ಹತ್ತಾರು ವರ್ಷ ಸರ್ಕಾರದ ದುಡ್ಡು ಸುರಿದರು. ನಮಗೆಲ್ಲಿ ಬರಬೇಕು.

ಜಗಳೂರು ಜವಾರಿ:
ನಮಗೆ ಬಿತ್ತನೆ ಬೀಜವೇ ಟೈಮಿಗೆ ಬರಲ್ಲ, ಅನಿಲ ಎಲ್ಲಿಂದ ಬರುತ್ತೆ. ತಡ್ಕೊಳ್ಳೋ ಜೋಳದ ತಳಿ ಇಲ್ವಾ?

ಲ್ಯಾಬ್ ಹುಡುಗಿ:
ಇವೆ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆಯವರು ಎಸ್‌ಎಆರ್-1 ಅಂತ ತಳಿ ಮಾಡಿದ್ರು, ಹೆಸರೇ ಸ್ಟ್ರೈಗಾ ನಿರೋಧಕ ಅಂತ. ಇಥಿಯೋಪಿಯಾದ ಗೆಬಿಸಾ ಎಜೆಟಾ ಅವರಿಗೆ 2009ರ ವಿಶ್ವ ಆಹಾರ ಪ್ರಶಸ್ತಿ ಬಂದದ್ದೂ ಇಂಥ ಜೋಳದ ಕೆಲಸಕ್ಕೇ. ಕೆಲವು ನಿರೋಧಕ ಜೋಳಗಳ ಗುಟ್ಟು ಏನಂದ್ರೆ ಅವು ಸ್ಟ್ರೈಗಾಕ್ಕೆ ಎಚ್ಚರ ಆಗದ ಬೇರೆ ನಮೂನೆಯ ಸ್ಟ್ರೈಗೊಲ್ಯಾಕ್ಟೋನ್ ಒಸರುತ್ತವೆ.

ಕಾವಲು ಹುಲ್ಲು:
ಎಲ್ಲರೂ ಕೊಲ್ಲೋ ಮಾತೇ ಆಡ್ತಿದೀರಿ. ನಾನು ಚಳ್ಳಕೆರೆ ಕಡೆ ಅಮೃತಮಹಲ್ ಕಾವಲುಗಳಲ್ಲಿ, ಅಂದ್ರೆ ದನ ಮೇಯೋ ಹುಲ್ಲುಗಾವಲಲ್ಲಿ, ಹೂವಿನ ಫೋಟೊ ತೆಗೀತಾ ಓಡಾಡೋನು. ಮಳೆಗಾಲ ಮುಗಿಯೋ ಹೊತ್ತಿಗೆ ಹುಲ್ಲಿನ ಮಧ್ಯೆ ಪುಟ್ಟ ಬಿಳಿ ಹೂವಿನ ಕಾಡು ಸ್ಟ್ರೈಗಾ ನಿಲ್ಲುತ್ತೆ, ನೋಡೋಕೆ ಎಷ್ಟು ಚಂದ. ಗುಲಾಬಿ ಹೂವಿನ ಸೋಪುಬಿಯಾನೂ ಹುಲ್ಲಿನ ಬೇರಿಂದ ಕದ್ದೇ ಬದುಕೋದು. ಯಾವ ಹುಲ್ಲೂ ನೆಲಬಿಟ್ಟು ಹೋಗಿಲ್ಲ. ಒಂದೇ ಹುಲ್ಲು ಮೆರೆಯದ ಹಾಗೆ ಹಿಡಿತದಲ್ಲಿಟ್ಟು ಬೇರೆ ಗಿಡಗಳಿಗೆ ಜಾಗ ಮಾಡಿಕೊಡುತ್ತವೆ. ನೂರಾರು ಎಕರೆಗೆ ಒಂದೇ ಬೆಳೆ ಹಾಕಿ ಔತಣ ಇಟ್ಟಿದ್ದು ನಾವು. ಇಲ್ಲಿ ಓದಿದ ಯಾರೋ ನಾಳೆ ಕಾವಲಿಗೆ ಹೋಗಿ ಕಂಡ ಬಿಳಿ ಹೂವೆಲ್ಲ ಕೀಳ್ಬೇಡಿ, ದಮ್ಮಯ್ಯ.

ಜಗಳೂರು ಜವಾರಿ:
ನಿಮಗೆ ಫೋಟೊ, ನಮಗೆ ಹೊಟ್ಟೆ. ಜೋಳ ತೆನೆ ಕಟ್ಟದೆ ಒಣಗಿ ನಿಂತಾಗ ಅದರ ಬುಡದ ಹೂವು ಚಂದ ಕಾಣಲ್ಲ ಸ್ವಾಮಿ.

ಕಾವಲು ಹುಲ್ಲು:
ಹೊಲದ್ದು ಕೀಳಿ ಅಂತಲೇ ನಾನೂ ಹೇಳೋದು. ಕಾವಲಿಂದು ಬಿಡಿ ಅಂದೆ ಅಷ್ಟೆ. ಅಲ್ಲಿ ಯಾರ ಜೋಳ ಇದೆ?

ಕಂಬಳಿ ಗಡ್ಡಪ್ಪ:
ಕಾವಲೇ ಉಳಿದಿಲ್ಲ, ಹೂವಿಗೆ ಜಗಳ ಆಡ್ತೀರಾ.

ಹೊಳಲ್ಕೆರೆ ತೋಟ:
ಒಂದು ವಿಷಯ ಮರೆತ್ರಿ ಎಲ್ರೂ. ನಮ್ಮ ಶ್ರೀಗಂಧನೂ ಪರಾವಲಂಬಿನೇ! ಎಲೆ ಹಸಿರು ಇರುತ್ತೆ, ಆದ್ರೆ ಬೇರು ಪಕ್ಕದ ಗಿಡದ ಬೇರಿಗೆ ಕಚ್ಕೊಳ್ಳುತ್ತೆ. ನರ್ಸರಿ ಕವರಲ್ಲೇ ಹೊನಗೊನ್ನೆ ಸೊಪ್ಪು ಹಾಕಿ ಕೊಡ್ತಾರೆ, ಹೊಲಕ್ಕೆ ಇಟ್ಟ ಮೇಲೆ ಪಕ್ಕಕ್ಕೆ ತೊಗರಿ, ಆಮೇಲೆ ಸರ್ವೆ ಮರ. ಜೊತೆಗಿಡ ಇಲ್ಲದೆ ಹಾಕಿದೋರ ಗಂಧ ಹಳದಿಯಾಗಿ ಕೂತ್ಬಿಡುತ್ತೆ. 2001ರಲ್ಲಿ ಕಾಯ್ದೆ ತಿದ್ದಿ, ಜಮೀನಲ್ಲಿ ಬೆಳೆದ ಗಂಧ ಮಾಲೀಕನದೇ ಅಂತ ಮಾಡಿದ ಮೇಲೆ ನಮ್ಮ ಕಡೆ ಬಹಳ ಜನ ಹಾಕಿದ್ದಾರೆ. ಕದಿಯೋ ಮರ, ಅದನ್ನ ಕದಿಯೋಕೆ ಬರೋ ಕಳ್ಳರು. ನನ್ನ ತೋಟಕ್ಕೆ ಕ್ಯಾಮೆರಾ ಹಾಕಿಸಿದ ಖರ್ಚು ಮರಕ್ಕಿಂತ ಜಾಸ್ತಿ ಆಗೈತೆ.

ಬೆಣ್ಣೆ ದೋಸೆ ದಾವಣಗೆರೆ:
ಬಡ ಕಳ್ಳನಿಗೆ ಬೇವಿನೆಣ್ಣೆ, ಸಾಹುಕಾರ ಕಳ್ಳನಿಗೆ ಕ್ಯಾಮೆರಾ ಕಾವಲು. ಭೇಷ್!

ಮಾವಿನ ಮನೆ:
ನಮ್ಮ ಮಾವಿನ ಮರಕ್ಕೆ ಬದನಿಕೆ ಹತ್ತಿದೆ, ಅದೂ ಇದೇ ಜಾತಿನಾ? ಕತ್ತರಿಸಿದ್ರೆ ಮತ್ತೆ ಬರುತ್ತೆ.

ಗಿಡ ಟೀಚರ್:
ಬೇರೆ ಕುಟುಂಬ, ದಂಧೆ ಒಂದೇ. ಅದರ ಬೀಜ ಅಂಟು. ಪುಟ್ಟ ಹಕ್ಕಿ ಹಣ್ಣು ತಿಂದು ಕೊಂಬೆಗೆ ಒರೆಸಿ ಹೋಗುತ್ತೆ, ಅಲ್ಲೇ ಮೊಳೆಯುತ್ತೆ. ಅಂಟಿದ ಜಾಗಕ್ಕಿಂತ ಒಂದಡಿ ಕೆಳಗೆ ಕೊಂಬೆನೇ ತೆಗೀರಿ, ಹಣ್ಣಾಗೋ ಮೊದಲು. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬದನೆಯವರು ಕಾಯ್ತಿದ್ದಾರೆ.

ಲ್ಯಾಬ್ ಹುಡುಗಿ:
ಇನ್ನೊಂದೇ ಒಂದು ಆಚೆ ಮಾತು. ರಾಜಸ್ಥಾನ, ಕಚ್ಛ್ ಮರಳಲ್ಲಿ ಸಿಸ್ಟಾಂಕಿ ಅಂತ ಇದರ ಸಂಬಂಧಿ ಇದೆ, ಹಳದಿ ಹೂವಿನ ಕಂಬ ಮರಳಿಂದ ನೇರ ಎದ್ದು ನಿಲ್ಲುತ್ತೆ. ಅದೇ ಜಾತಿಯ ಇನ್ನೊಂದನ್ನ ಚೀನಾದವರು ಔಷಧಿಗೆ ಅಂತ ಮರುಭೂಮಿ ಪೊದೆಗಳ ಬೇರಿಗೆ ಬೇಕಂತಲೇ ಹತ್ತಿಸಿ ಬೆಳೀತಾರೆ. ಪೊದೆ ಮರಳು ಹಿಡಿಯುತ್ತೆ, ಪರಾವಲಂಬಿ ದುಡ್ಡು ಕೊಡುತ್ತೆ. ಇಟಲಿಯ ಪುಲಿಯಾ ಕಡೆ ಒರೊಬ್ಯಾಂಕಿಯ ಒಂದು ಜಾತಿಯ ಎಳೇ ದಂಟನ್ನ ಬೇಯಿಸಿ ತಿಂತಾರೆ.

ಬೆಣ್ಣೆ ದೋಸೆ ದಾವಣಗೆರೆ:
ಹಿರಿಯೂರಣ್ಣ, ಬದನೆ ಬಿಟ್ಹಾಕು. ಅದರದ್ದೇ ಎಣ್ಣೆಗಾಯಿ ಮಾಡು, ರೊಟ್ಟಿ ನಾನು ತರ್ತೀನಿ.

ಲ್ಯಾಬ್ ಹುಡುಗಿ:
ಅದು ಬೇರೆ ಜಾತಿ! ಇದನ್ನ ದಯವಿಟ್ಟು ಯಾರೂ ತಿನ್ಬೇಡಿ.

ವೇದಾವತಿ ದಂಡೆ:
ಹೋಗಿ ತೋರಿಸ್ಕೊಂಡು ಬಂದೆ. ಒರೊಬ್ಯಾಂಕಿನೇ ಅಂದ್ರು. ಬದನೆ, ಟೊಮ್ಯಾಟೊ ಆ ತುಂಡಿಗೆ ಕೆಲವು ವರ್ಷ ಹಾಕಲೇಬೇಡಿ ಅಂದ್ರು. ಮುಂದೇನು ಹಾಕೋದು? ಮತ್ತೆ ಶೇಂಗಾಕ್ಕೆ ಹೋಗ್ಲಾ?

ಬಬ್ಬೂರು ದಾರಿ:
ಇದರ ಆಸರೆ ಅಲ್ಲದ ಬೆಳೆ ಯಾವುದಾದ್ರೂ ಆದೀತು, ಆದ್ರೆ ಸುಮ್ಮನೆ ಕಾದ್ರೆ ಬೀಜ ವರ್ಷಗಟ್ಟಲೆ ಕೂರುತ್ತೆ ಅಂತ ಮೇಲೆ ಹೇಳಿದ್ರಲ್ಲ. ಅದನ್ನ ಮೋಸ ಮಾಡಿ ಎಬ್ಬಿಸೋ ಬೆಳೆ ಬೇಕು. ತಂಬಾಕಿನ ಸೀಮೆಯಲ್ಲಿ ಇದಕ್ಕೆ ಶಿಫಾರಸು ಮಾಡೋದು ಎಳ್ಳು, ಉದ್ದು, ಹೆಸರು, ಜೋಳ. ಬೀಜ ಮೊಳೆಯುತ್ತೆ, ಅಂಟಿಕೊಳ್ಳೋಕೆ ಆಗದೆ ಸಾಯುತ್ತೆ. ನಿಮ್ಮ ಮರಳಿಗೆ ಮುಂಗಾರಿಗೆ ಹೆಸರು ಅಥವಾ ಎಳ್ಳು, ಹಿಂಗಾರಿಗೆ ಜೋಳ. ಒಂದೇ ವರ್ಷಕ್ಕೆ ಖಾಲಿ ಆಗಲ್ಲ, ಕಮ್ಮಿ ಆಗ್ತಾ ಹೋಗುತ್ತೆ.

ಜಗಳೂರು ಜವಾರಿ:
ಜೋಳ ಹಾಕಿದ್ರೆ ಸ್ಟ್ರೈಗಾ, ಬದನೆ ಹಾಕಿದ್ರೆ ಒರೊಬ್ಯಾಂಕಿ. ಭಲೇ ಸಲಹೆ.

ಬಬ್ಬೂರು ದಾರಿ:
ಅವರ ಹೊಲದಲ್ಲಿ ಸ್ಟ್ರೈಗಾ ಇದೆ ಅಂತ ಯಾರು ಹೇಳಿದ್ರು? ನಿಮ್ಮ ಹೊಲದ ಲೆಕ್ಕ ಹಿರಿಯೂರಿಗೆ ಹಾಕ್ಬೇಡಿ.

ಹಳೇ ಗಿರಣಿ:
ಎಳ್ಳಿಗೆ ರೇಟು ಪರವಾಗಿಲ್ಲ. ಬೆಳೆ ಕಟಾವಿಗೆ ಆಳು ಸಿಗ್ಬೇಕಷ್ಟೆ.

ವೇದಾವತಿ ದಂಡೆ:
ಸರಿ, ಹೆಸರು-ಎಳ್ಳು ನೋಡ್ತೀನಿ. ಬೇಸಿಗೇಲಿ ಪ್ಲಾಸ್ಟಿಕ್ ಹೊದಿಸಿ ಮಣ್ಣು ಕಾಯಿಸಿ ಅಂತಲೂ ಹೇಳಿದ್ರು. ಬದನೆಗೆ ಹಾಸಿದ್ದ ಕಪ್ಪು ಮಲ್ಚಿಂಗ್ ಶೀಟು ಮನೇಲಿ ಸುತ್ತಿ ಇಟ್ಟಿದೀನಿ, ಅದೇ ಆಗುತ್ತಾ?

ಬಬ್ಬೂರು ದಾರಿ:
ಆಗಲ್ಲ. ಕಪ್ಪು ಶೀಟು ತಾನು ಕಾಯುತ್ತೆ, ಮಣ್ಣನ್ನ ಅಷ್ಟು ಕಾಯಿಸಲ್ಲ. ತೆಳು, ಪಾರದರ್ಶಕ ಶೀಟು ಬೇಕು, 25 ಮೈಕ್ರಾನ್ ಸಾಕು. ಏಪ್ರಿಲ್-ಮೇ ಬಿಸಿಲಲ್ಲಿ 4ರಿಂದ 6 ವಾರ. ಹೊದಿಸೋ ಮೊದಲು ಮಣ್ಣು ಹದ ಮಾಡಿ ಚೆನ್ನಾಗಿ ನೀರು ಬಿಡಿ, ಒಣ ಬೀಜಕ್ಕೆ ಶಾಖ ತಟ್ಟಲ್ಲ. ನಿಮ್ಮದು ಮರಳು, ಬೇಗ ಇಂಗುತ್ತೆ, ಡ್ರಿಪ್ ಪೈಪು ಶೀಟಿನ ಕೆಳಗೇ ಬಿಟ್ಟು ನಡುವೆ ಒಂದೆರಡು ಸಲ ಆನ್ ಮಾಡಿ. ಅಂಚು ಮಣ್ಣಲ್ಲಿ ಹೂಳಿ, ಗಾಳಿ ಒಳಗೆ ಹೋಗಬಾರದು. ಇಡೀ ಜಮೀನಿಗೆ ಬೇಡ, ಖರ್ಚು ತಡೆಯಲ್ಲ. ಗಿಡ ಎದ್ದ ಸಾಲುಗಳಿಗೆ ಈಗಲೇ ಗೂಟ ಹೊಡೆದು ಗುರುತು ಹಾಕಿಡಿ, ಬೇಸಿಗೇಲಿ ಎಲ್ಲಿತ್ತು ಅಂತ ಗೊತ್ತಾಗಲ್ಲ.

ಕಂಬಳಿ ಗಡ್ಡಪ್ಪ:
ಶೀಟು ಹಾಸಿದ ಮ್ಯಾಲೆ ಹೇಳಪ್ಪ, ನಮ್ಮ ಮಂದೆ ಆ ದಾರೀಲಿ ಬರೋದು ಅದೇ ಟೈಮಿಗೆ. ಕಾಲಿಗೆ ಸಿಕ್ಕಿ ಹರಿದ್ರೆ ಅದಕ್ಕೂ ಕುರಿನೇ ಅಂತೀರಿ.

ವೇದಾವತಿ ದಂಡೆ:
ಅಜ್ಜ, ಈ ಸಲ ಮಂದೆ ಮೇಲಿನ ಕೆಂಪು ಹೊಲಕ್ಕೆ ನಿಲ್ಸಿ. ಜೋಳ ಅಷ್ಟೇ ಕೊಡ್ತೀವಿ. ಹೊಳೆ ಕಡೆ ಬಿಡ್ಬೇಡಿ, ಅಲ್ಲಿ ಮೇಯ್ದು ಬೇರೆಯವರ ಹೊಲಕ್ಕೆ ಹೋದ್ರೆ ಆಮೇಲೆ ಅವರೂ ಇಲ್ಲೇ ಬಂದು ಫೋಟೊ ಹಾಕ್ತಾರೆ.

ಕಂಬಳಿ ಗಡ್ಡಪ್ಪ:
ಆಯ್ತು. ಜೋಳ ಮಾತ್ರ ಹೋದ ಸಲಕ್ಕಿಂತ ಎರಡು ಸೇರು ಜಾಸ್ತಿ.